ಕೆರೆ ಬದಲಿಸಿದ ಹಕ್ಕಿಗಳು

ಬೆಂಗಳೂರಿನಿಂದ ಹೊರಟ ರೈಲು ಆಂಧ್ರ, ಒಡಿಶಾಗಳನ್ನು ಹಿಂದೆ ಹಾಕಿ, ಖರಗಪುರವನ್ನು ದಾಟಿ, ಹೌರಾ ನಿಲ್ದಾಣಕ್ಕೆ ಇನ್ನು ಏಳೆಂಟು ಕಿಲೋಮೀಟರು ಉಳಿದಿದೆಯೆನ್ನುವಾಗ, ಹೊದಿಕೆಗಳನ್ನು ಮಡಿಸಿ, ಪೆಟ್ಟಿಗೆಗಳನ್ನು ಸೀಟಿನ ಅಡಿಯಿಂದ ಎಳೆದುಕೊಂಡು ಬಾಗಿಲ ಬಳಿಗೆ ಸರಿಯುವ ಪ್ರಯಾಣಿಕರ ಗಡಿಬಿಡಿಯ ನಡುವೆ, ಸಾಂತ್ರಾಗಾಛಿ ಎಂಬ ನಿಲ್ದಾಣವೊಂದು ಹಾದುಹೋಗುವುದನ್ನು ಗಮನಿಸುವವರು ಕಡಿಮೆ. ಆ ನಿಲ್ದಾಣದ ಮಗ್ಗುಲಲ್ಲೇ, ಹಳಿಗಳಿಗೂ ಮನೆಗಳಿಗೂ ನಡುವೆ, ಉದ್ದಕ್ಕೆ ಚಾಚಿಕೊಂಡ ನೀರಿನ ಹರವೊಂದಿದೆ. ಬಂಗಾಳಿಗಳು ಅದನ್ನು ಝೀಲ್ ಎನ್ನುತ್ತಾರೆ. ನಮ್ಮ ಕಡೆಯಾಗಿದ್ದರೆ ಕೆರೆಯೆಂದೇ ಕರೆದುಬಿಡುತ್ತಿದ್ದೆವು. ಚಳಿಗಾಲದ ದಿನಗಳಲ್ಲಿ, ಎಂಜಿನ್ನಿನ ಕೂಗು ಕ್ಷಣಕಾಲ ನಿಂತ ಬಿಡುವಿನಲ್ಲಿ ಕಿವಿಗೊಟ್ಟು ಕೇಳಿದರೆ, ಆ ನೀರಿನ ಮೇಲಿನಿಂದ ಸಾವಿರಾರು ಕೊರಳುಗಳು ಒಟ್ಟಾಗಿ ಹಾಕುವ ಸಿಳ್ಳು ತೇಲಿಬರುತ್ತದೆ. ಮೊದಲ ಸಲ ಅದನ್ನು ಕೇಳಿದಾಗ ಮಕ್ಕಳ ದಂಡೊಂದು ಎಲ್ಲೋ ಮರೆಯಲ್ಲಿ ಆಡುತ್ತಿದೆಯೆಂದು ನಾನು ಭಾವಿಸಿದ್ದೆ.

ಹಾಗೆ ಸಿಳ್ಳುಹಾಕುವ ಈ ಹಕ್ಕಿಗಳ ಮನೆ ಮೊದಲಿನಿಂದಲೂ ಇದಾಗಿರಲಿಲ್ಲ. ಒಂದು ತಲೆಮಾರಿನ ಹಿಂದೆ ಕೊಲ್ಕತ್ತದ ಜನ ಚಳಿಗಾಲದ ಬಾತುಗಳನ್ನು ನೋಡಬೇಕಾದರೆ ನದಿಯನ್ನು ದಾಟಬೇಕಾದ ಅಗತ್ಯವಿರಲಿಲ್ಲ. ನಗರದ ಹೃದಯಭಾಗಕ್ಕೆ ಸಮೀಪವಾದ ಅಲಿಪುರದ ಪ್ರಾಣಿಸಂಗ್ರಹಾಲಯದ ಕೊಳದ ದಡದಲ್ಲಿ ಕುಳಿತರೆ ಸಾಕಾಗಿತ್ತು. ಪಂಜರದ ಹುಲಿಯನ್ನೂ ಅಂಗಳದ ಜಿರಾಫೆಯನ್ನೂ ನೋಡಿ ದಣಿದು ಬಂದವರು ಅಲ್ಲಿ, ಯಾರೂ ಹಿಡಿದು ತಾರದ, ಯಾವ ಬೇಲಿಯೂ ತಡೆಯದ, ತಮ್ಮ ಇಚ್ಛೆಯಿಂದಲೇ ಬಂದು ತಮ್ಮ ಇಚ್ಛೆಯಿಂದಲೇ ಹೊರಡುವ ಸಾವಿರಾರು ಹಕ್ಕಿಗಳನ್ನು ಕಾಣುತ್ತಿದ್ದರು. ಆಮೇಲೆ ವರ್ಷದಿಂದ ವರ್ಷಕ್ಕೆ ಅಲಿಪುರದಲ್ಲಿ ಅವು ವಿರಳವಾದುವು; ವರ್ಷದಿಂದ ವರ್ಷಕ್ಕೆ ಸಾಂತ್ರಾಗಾಛಿಯಲ್ಲಿ ದಟ್ಟವಾದುವು. ನೇರವಾಗಿ ಹಾರುವ ಹಕ್ಕಿಗೆ ಈ ಎರಡು ನೀರುಗಳ ನಡುವಣ ದೂರ ಹತ್ತು ಕಿಲೋಮೀಟರೂ ಅಲ್ಲ. ಆದರೆ ಹುಟ್ಟಿದ ಊರನ್ನು ಬಿಟ್ಟು ಪಕ್ಕದ ಊರಿಗೆ ಗಂಟುಮೂಟೆ ಕಟ್ಟಿಕೊಂಡು ಹೋದವರನ್ನು ಕೇಳಿ ನೋಡಿ, ಆ ದೂರವನ್ನು ಅವರು ಮೈಲಿಗಳಲ್ಲಿ ಹೇಳುವುದಿಲ್ಲ.

ಹೀಗೆ ಮನೆ ಬದಲಿಸಿದ ಹಕ್ಕಿಗಳಲ್ಲಿ ಬಹುಪಾಲು ಬಂಗಾಳಿಗಳು ಸರಾಲಿ ಎಂದು ಕರೆಯುವ ಸಿಳ್ಳೆಬಾತುಗಳು. ಮೈ ಕಂದು, ರೆಕ್ಕೆಯ ಬುಡದಲ್ಲಿ ಇಟ್ಟಿಗೆಯ ಕೆಂಪು, ಕೊರಳು ಉದ್ದ. ಗಂಡು ಹೆಣ್ಣುಗಳಲ್ಲಿ ನಮ್ಮ ಕಣ್ಣಿಗೆ ತಿಳಿಯುವ ಭೇದವಿಲ್ಲ. ಹೆಸರಿಗೆ ಬಾತುವಾದರೂ ಮರದ ಕೊಂಬೆಯ ಮೇಲೆ ಕೂರಬಲ್ಲದು, ಮರದ ಪೊಟರೆಯಲ್ಲಿ ಮೊಟ್ಟೆಯಿಡಬಲ್ಲದು. ವಿಜ್ಞಾನಿಗಳು ಇದರ ಕುಲಕ್ಕೆ ಕೊಟ್ಟಿರುವ ಡೆಂಡ್ರೊಸಿಗ್ನಾ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೇ ಮರಹಂಸ. ಮಳೆಗಾಲದಲ್ಲಿ ಗೂಡು ಮಾಡಿ ಏಳರಿಂದ ಹನ್ನೆರಡರವರೆಗೆ ಮೊಟ್ಟೆಗಳನ್ನಿಟ್ಟು, ತಂದೆ ತಾಯಿಗಳಿಬ್ಬರೂ ಸರದಿಯ ಮೇಲೆ ಕಾವು ಕೊಟ್ಟು ಮರಿಮಾಡುತ್ತವೆ. ಚಳಿಗಾಲದಲ್ಲಿ ಕೆರೆಯ ಮೇಲೆ ಕಾಣುವ ಬಾತುಗಳನ್ನೆಲ್ಲ ಸೈಬೀರಿಯದಿಂದ ಬಂದ ಅತಿಥಿಗಳೆಂದು ನಂಬುವುದು ಕೊಲ್ಕತ್ತದಲ್ಲಿಯೂ ರೂಢಿ, ಕನ್ನಡ ನಾಡಿನಲ್ಲಿಯೂ ರೂಢಿ. ಸೂಜಿಬಾಲದ ಬಾತು ಮೊದಲಾದ ಕೆಲವು ಜಾತಿಗಳು ನಿಜವಾಗಿಯೂ ಹಿಮಾಲಯದ ಆಚೆಯಿಂದ ಬರುತ್ತವೆ, ಸಾಂತ್ರಾಗಾಛಿಗೂ ಸ್ವಲ್ಪ ಸಂಖ್ಯೆಯಲ್ಲಿ ಬರುತ್ತವೆ. ಸಿಳ್ಳೆಬಾತು ಮಾತ್ರ ಈ ನೆಲದ್ದೇ. ಮಂಡ್ಯದ ಕೆರೆಯಲ್ಲಿಯೂ ಅದಿದೆ, ಬಂಗಾಳದ ಗದ್ದೆಯಲ್ಲಿಯೂ ಅದಿದೆ. ಮಳೆ ನಿಂತು ಸಣ್ಣ ಹಳ್ಳಕೊಳ್ಳಗಳು ಬತ್ತತೊಡಗಿದಾಗ ನಾಲ್ಕು ದಿಕ್ಕಿನಿಂದ ಬಂದು ದೊಡ್ಡ ನೀರಿನಲ್ಲಿ ಕೂಡಿಕೊಳ್ಳುವುದು ಅದರ ಪದ್ಧತಿ. ಆದುದರಿಂದ ಅದು ಅಲಿಪುರವನ್ನು ಬಿಟ್ಟುದನ್ನು ಪರದೇಶದ ಯಾತ್ರಿಕನೊಬ್ಬ ಛತ್ರ ಬದಲಿಸಿದನೆಂಬಂತೆ ನೋಡಲಾಗದು. ಮನೆಯವರೇ ಎದ್ದುಹೋದರೆಂದು ತಿಳಿಯಬೇಕು.

ಅಲಿಪುರದ ಪ್ರಾಣಿಸಂಗ್ರಹಾಲಯ ನಮ್ಮ ದೇಶದ ಹಳೆಯ ಮೃಗೋದ್ಯಾನಗಳಲ್ಲೊಂದು. ಕಾರ್ಲ್ ಲೂಯಿ ಶ್ವೆಂಡ್ಲರ್ ಎಂಬ ಜರ್ಮನ್ ವಿದ್ಯುತ್ ತಂತ್ರಜ್ಞನ ಒತ್ತಾಸೆಯಿಂದ ರೂಪುಗೊಂಡು, 1876ರ ಜನವರಿ 1ರಂದು ಅಂದಿನ ಬ್ರಿಟಿಷ್ ಯುವರಾಜನಿಂದ ಉದ್ಘಾಟನೆಗೊಂಡು, ಅದೇ ವರ್ಷದ ಮೇ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅದರ ಮೊದಲ ಭಾರತೀಯ ಮೇಲ್ವಿಚಾರಕರಾದ ರಾಮಬ್ರಹ್ಮ ಸನ್ಯಾಲರು ಪ್ರಾಣಿಗಳ ಪಾಲನೆಯನ್ನು ಕುರಿತು 1892ರಲ್ಲಿ ಬರೆದ ಕೈಪಿಡಿ ಪಶ್ಚಿಮದ ಪಂಡಿತರ ಮೆಚ್ಚುಗೆಯನ್ನೂ ಪಡೆಯಿತು. ಬಿಡಿಸಿ ನೋಡಿದರೆ ನಲವತ್ತೈದು ಎಕರೆಯ ಆಸುಪಾಸಿನ ಸಣ್ಣ ಭೂಮಿ ಅದು. ಆದರೆ ಪಕ್ಕದಲ್ಲಿ ಈಗ ರಾಷ್ಟ್ರೀಯ ಗ್ರಂಥಾಲಯವಿರುವ ಬೆಲ್ವೆಡಿಯರ್ ಆವರಣದ ವಿಶಾಲವಾದ ತೋಟ, ಸುತ್ತ ಹಳೆಯ ಬಂಗಲೆಗಳ ಮರಗಳು, ಇವುಗಳಿಂದ ಆವೃತವಾಗಿ, ರಾತ್ರಿ ಕತ್ತಲೆಯೂ ಹಗಲು ಶಾಂತಿಯೂ ಸಿಗುವ ದ್ವೀಪದಂತಿತ್ತು. ಬೇಟೆಗಾರನ ಕೋವಿ ಅಲ್ಲಿಗೆ ಬರುವಂತಿರಲಿಲ್ಲ. ಹಕ್ಕಿಗಳು ಅದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ಸಿಳ್ಳೆಬಾತಿನ ದಿನಚರಿಯನ್ನು ತಿಳಿಯಬೇಕು. ಅದು ತಿಳಿಯದೆ ಅದರ ಕಷ್ಟ ತಿಳಿಯುವುದಿಲ್ಲ. ನಾವು ಹಗಲು ದುಡಿದು ರಾತ್ರಿ ಮಲಗುತ್ತೇವೆ. ಅದು ಹಗಲೆಲ್ಲ ನೀರಿನ ಮೇಲೆ ವಿಶ್ರಮಿಸಿ, ಗರಿ ತಿದ್ದಿ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ತೂಕಡಿಸಿ, ಸೂರ್ಯ ಮುಳುಗಿದ ಮೇಲೆ ಗುಂಪುಗುಂಪಾಗಿ ಎದ್ದು, ಕೆರೆಯ ಮೇಲೆ ಒಂದೆರಡು ಸುತ್ತು ಹಾಕಿ, ಸುತ್ತಲಿನ ಗದ್ದೆ ಜೌಗುಗಳಿಗೆ ಮೇಯಲು ಹೋಗುತ್ತದೆ. ಬೆಳಕು ಹರಿಯುವ ಮುನ್ನ ಹಿಂದಿರುಗುತ್ತದೆ. ಹಗಲಿನ ಕೆರೆ ಅದಕ್ಕೆ ಉಣ್ಣುವ ಮನೆಯಲ್ಲ, ಮಲಗುವ ಕೋಣೆ. ಮಲಗುವ ಕೋಣೆಗೆ ಬೇಕಾದುದು ಮೂರು: ಶತ್ರು ಬರುವುದು ದೂರದಿಂದಲೇ ಕಾಣುವಂಥ ತೆರವು, ಕಾಲೂರಿ ನಿಲ್ಲಲು ಸ್ವಲ್ಪ ತಾವು, ಮುಸ್ಸಂಜೆಯಲ್ಲಿ ತಡೆಯಿಲ್ಲದೆ ಏಳಲು ಮತ್ತು ನಸುಕಿನಲ್ಲಿ ತಡೆಯಿಲ್ಲದೆ ಇಳಿಯಲು ಆಕಾಶದಲ್ಲೊಂದು ದಾರಿ. ಅಲ್ಲಿಂದ ರಾತ್ರಿ ಹೋಗಿಬರುವಷ್ಟು ದೂರದಲ್ಲಿ ಗದ್ದೆಗಳೂ ಇರಬೇಕು. ನಗರವು ಬೆಳೆದಂತೆಲ್ಲ ಈ ಗದ್ದೆಗಳು ದೂರ ಸರಿದುವೆಂಬುದನ್ನು ನಾವು ಸಾಧಾರಣವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಆಕಾಶದ ಆ ದಾರಿಯ ಮಾತು ಒಮ್ಮೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪ್ರಾಣಿಸಂಗ್ರಹಾಲಯಕ್ಕೆ ಸೇರಿದ, ಬೇಗಂಬಾರಿ ಎಂದು ಹೆಸರಾದ ನಾಲ್ಕು ಎಕರೆ ಭೂಮಿಯನ್ನು ಪಂಚತಾರಾ ಹೊಟೇಲೊಂದಕ್ಕೆ ಕೊಡಲು ಪಶ್ಚಿಮ ಬಂಗಾಳ ಸರಕಾರವು ನಿಶ್ಚಯಿಸಿದಾಗ, ಅಲ್ಲಿ ಬಹುಮಹಡಿಯ ಕಟ್ಟಡ ಎದ್ದರೆ ವಲಸೆ ಹಕ್ಕಿಗಳ ಹಾರುದಾರಿಗೆ ಅಡ್ಡಿಯಾಗುವುದೆಂದು ನಾಗರಿಕರು ಆಕ್ಷೇಪಿಸಿದರು. ಸಚ್ಚಿದಾನಂದ ಪಾಂಡೆ ಮತ್ತು ಪಶ್ಚಿಮ ಬಂಗಾಳ ರಾಜ್ಯ ಎಂಬ ಆ ಮೊಕದ್ದಮೆಯ ತೀರ್ಪು 1987ರ ಫೆಬ್ರವರಿಯಲ್ಲಿ ಹೊರಬಂದಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು, ಪರಿಸರ ರಕ್ಷಣೆಯನ್ನು ರಾಜ್ಯದ ಹೊಣೆಯಾಗಿಸುವ ಸಂವಿಧಾನದ 48ಎ ವಿಧಿಯನ್ನೂ, ಪ್ರಾಣಿಗಳಲ್ಲಿ ದಯೆಯನ್ನು ಪ್ರಜೆಯ ಕರ್ತವ್ಯವಾಗಿಸುವ 51ಎ ವಿಧಿಯನ್ನೂ ಎದುರಿಗಿರಿಸಿಕೊಂಡು, ಇಂಥ ಪ್ರಶ್ನೆ ಬಂದಾಗ ನ್ಯಾಯಾಲಯವು ಅದು ನೀತಿಯ ವಿಚಾರವೆಂದು ಹೆಗಲು ಜಾರಿಸಿಕೊಳ್ಳಲಾಗದೆಂದು ಸ್ಪಷ್ಟವಾಗಿ ಹೇಳಿದರು. ನಮ್ಮ ಪರಿಸರ ನ್ಯಾಯದ ಚರಿತ್ರೆಯಲ್ಲಿ ಆ ಮಾತು ಇಂದಿಗೂ ಉದ್ಧೃತವಾಗುತ್ತಿದೆ. ಆದರೆ ಮೇಲ್ಮನವಿ ವಜಾ ಆಯಿತು. ಸರಕಾರವು ಹಕ್ಕಿಗಳ ವಿಚಾರವನ್ನು ಕಡೆಗಣಿಸಿಲ್ಲ, ಕಟ್ಟಡದ ಎತ್ತರವನ್ನು ತಗ್ಗಿಸಿ ಬೆಳಕನ್ನು ಮಂದವಾಗಿಡುವ ಭರವಸೆಯಿದೆ, ಸುತ್ತ ಈಗಾಗಲೇ ಎಷ್ಟೋ ಬಹುಮಹಡಿ ಕಟ್ಟಡಗಳಿದ್ದರೂ ಅವುಗಳಿಂದ ಹಕ್ಕಿಗಳಿಗೆ ತೊಂದರೆಯಾದ ವರದಿಯಿಲ್ಲ ಎಂಬಿವು ನ್ಯಾಯಾಲಯಕ್ಕೆ ಸಾಕಾಗಿ ತೋರಿದುವು.

ಆ ತೀರ್ಪನ್ನು ನಾನು ಆಕ್ಷೇಪಿಸಲು ಹೊರಟಿಲ್ಲ. ಅದರ ಕಡೆಯ ತರ್ಕವೊಂದೇ ನನ್ನನ್ನು ಬಹಳ ಕಾಲ ಕಾಡಿದೆ. ಒಂದು ಕಟ್ಟಡದಿಂದ ಹಕ್ಕಿ ಓಡಿಹೋಗಲಿಲ್ಲ, ಎರಡನೆಯದರಿಂದಲೂ ಓಡಿಹೋಗಲಿಲ್ಲ, ಆದುದರಿಂದ ಹತ್ತನೆಯದರಿಂದ ಓಡಿಹೋಗಲಾರದೆಂದು ಹೇಳುವುದು ಎತ್ತಿನ ಗಾಡಿಗೆ ಒಂದೊಂದೇ ಮೂಟೆಯನ್ನು ಏರಿಸುತ್ತ ಅಚ್ಚು ಮುರಿದಿಲ್ಲವೆಂದು ಸಮಾಧಾನಪಟ್ಟಂತೆ. ಅಲಿಪುರವನ್ನು ಹಕ್ಕಿಗಳು ಬಿಟ್ಟುದಕ್ಕೆ ಯಾವುದೋ ಒಂದು ಗೋಡೆಯನ್ನು ತೋರಿಸಿ ಇದೇ ಕಾರಣವೆಂದು ಹೇಳುವುದು ನ್ಯಾಯವಲ್ಲ, ಸತ್ಯವೂ ಅಲ್ಲ. ಎತ್ತರದ ಕಟ್ಟಡಗಳು ನಾಲ್ಕು ಕಡೆಯಿಂದ ಎದ್ದು ಕೊಳದ ಆಕಾಶ ಕಿರಿದಾಯಿತು. ರಾತ್ರಿಯ ಕತ್ತಲೆ ತೆಳುವಾಯಿತು. ವಾಹನಗಳ ಸದ್ದು ಬೆಳೆಯಿತು. ಕೊಳದ ನೀರು ಕೆಟ್ಟಿತು. ಹಕ್ಕಿಗಳು ಬಂದು ನೆಲೆಸುವ ತಿಂಗಳುಗಳಲ್ಲೇ, ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ, ನಗರದ ಜನಸಾಗರವೆಲ್ಲ ಬುತ್ತಿಯ ಗಂಟಿನೊಡನೆ ಅಲ್ಲಿಗೆ ನುಗ್ಗತೊಡಗಿತು. ಇವುಗಳಲ್ಲಿ ಪ್ರತಿಯೊಂದೂ ಸಹ್ಯ, ಎಲ್ಲವೂ ಸೇರಿ ಅಸಹ್ಯ. ಬಾತುಗಳ ಹಿಂಡು ಏಳುವ ಮೊದಲು ಒಂದೆರಡು ಹಕ್ಕಿಗಳು ಕೊರಳೆತ್ತುತ್ತವೆ, ತಲೆಯನ್ನು ಬೇಗಬೇಗ ಅಲುಗಿಸುತ್ತವೆ. ಅದನ್ನು ಕಂಡು ಮತ್ತೆ ಕೆಲವು ಹಾಗೆಯೇ ಮಾಡುತ್ತವೆ. ಸಾಕಷ್ಟು ಕೊರಳುಗಳು ಎದ್ದಾಗ ಹಿಂಡೆಲ್ಲ ಒಮ್ಮೆಗೇ ಮೇಲೇಳುತ್ತದೆ. ಒಂದು ಸಂಜೆಯಲ್ಲಿ ನಡೆಯುವ ಈ ಮಂತ್ರಾಲೋಚನೆಯೇ ಇಪ್ಪತ್ತು ಚಳಿಗಾಲಗಳಷ್ಟು ಉದ್ದಕ್ಕೆ ಹರಡಿದರೆ ಹೇಗಿರಬಹುದೋ ಹಾಗೆ ನಡೆಯಿತು ಅಲಿಪುರದ ನಿರ್ಗಮನ. ಯಾವ ದಿನ ಹೊರಟುವೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಕೊಲ್ಕತ್ತವನ್ನು ಬಿಟ್ಟುಹೋದ ಹಕ್ಕಿಗಳ ಕಥೆಯಲ್ಲಿ ಇದು ಮೊದಲನೆಯ ಅಧ್ಯಾಯವೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಗರಕ್ಕೆ ಬಂದ ಪ್ರವಾಸಿಗಳೆಲ್ಲ ತಪ್ಪದೆ ವರ್ಣಿಸಿದ ಹಕ್ಕಿಯೊಂದಿತ್ತು: ಐದಡಿಯ ಎತ್ತರ, ಬೋಳುತಲೆ, ಕೊರಳಿನಿಂದ ತೂಗುವ ಚೀಲ, ಕವಾಯತಿನ ಅಧಿಕಾರಿಯಂತೆ ಬಿಗಿದ ನಡಿಗೆ. ಆ ನಡಿಗೆಯಿಂದಲೇ ಇಂಗ್ಲಿಷರು ಅದಕ್ಕೆ ಅಡ್ಜುಟಂಟ್ ಎಂಬ ಸೈನ್ಯದ ಪದವಿಯನ್ನು ಕೊಟ್ಟರು. ಬಂಗಾಳ ಅಸ್ಸಾಮುಗಳಲ್ಲಿ ಅದು ಹರಗಿಲ. ಹಾಡ್ ಎಂದರೆ ಮೂಳೆ, ಗಿಲ ಎಂದರೆ ನುಂಗುವುದು. ನಮ್ಮ ತಿಮಿಂಗಿಲದಲ್ಲಿರುವ ಗಿಲವೂ ಇದೇ. ಮಳೆಗಾಲದಲ್ಲಿ ಈ ಮಹಾಕೊಕ್ಕರೆಗಳು ನೂರಾರು ಸಂಖ್ಯೆಯಲ್ಲಿ ನಗರಕ್ಕೆ ಬಂದು, ಗವರ್ನರ್ ಜನರಲನ ಅರಮನೆಯ ಮಾಳಿಗೆಯ ಅಂಚಿನಲ್ಲಿಯೂ ಅದರ ಮಹಾದ್ವಾರದ ಸಿಂಹಗಳ ನೆತ್ತಿಯ ಮೇಲೆಯೂ ನಿಂತು, ಬೀದಿಯಲ್ಲಿ ಬಿದ್ದ ಸತ್ತ ಪ್ರಾಣಿಗಳನ್ನೂ ಕಸಾಯಿಖಾನೆಯ ಕಸವನ್ನೂ ನುಂಗಿ, ಚಳಿಗಾಲ ಸಮೀಪಿಸುತ್ತಲೇ ಗೂಡುಕಟ್ಟಲು ಹೊರಟುಹೋಗುತ್ತಿದ್ದುವು. ಚರಂಡಿಗಳಿಲ್ಲದ ಆ ಕಾಲದಲ್ಲಿ ನಗರದ ನೈರ್ಮಲ್ಯ ಇಲಾಖೆಯೆಂದರೆ ಅವೇ. ಅವನ್ನು ಕೊಂದವರಿಗೆ ದಂಡವಿತ್ತು.

1860ರ ದಶಕದಿಂದ ಕೊಲ್ಕತ್ತದ ನೆಲದಡಿಯಲ್ಲಿ ಒಳಚರಂಡಿಯ ಕಾಲುವೆಗಳು ಬಂದುವು, ಕಸ ಸಾಗಿಸುವ ವ್ಯವಸ್ಥೆ ಬಂದಿತು, ಹೆಣಗಳು ಬೀದಿಯಲ್ಲಿ ಕೊಳೆಯುವುದು ನಿಂತಿತು. ಅತ್ತ ಬರ್ಮಾದ ಪೆಗು ಪ್ರಾಂತದಲ್ಲಿ ಅವು ಗೂಡುಕಟ್ಟುತ್ತಿದ್ದ ಕಾಡುಗಳೂ ಕ್ಷೀಣಿಸಿದುವು. ಕೊಲ್ಕತ್ತ ನಗರಸಭೆಯು 1896ರಲ್ಲಿ ತನ್ನ ಲಾಂಛನವನ್ನು ಪಡೆದಾಗ ಅದರಲ್ಲಿ ಎದುರುಬದುರಾಗಿ ನಿಂತ ಎರಡು ಹರಗಿಲಗಳನ್ನು ಕೃತಜ್ಞತೆಯಿಂದ ಚಿತ್ರಿಸಲಾಯಿತು. ಅಷ್ಟರಲ್ಲಿ ನಿಜವಾದ ಹರಗಿಲಗಳು ನಗರದ ಮಾಳಿಗೆಗಳಿಂದ ತೆರಳತೊಡಗಿದ್ದುವು, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವು ಅಲ್ಲಿ ಅಪೂರ್ವವಾದುವು. ನಗರ ಶುದ್ಧವಾಗಬಾರದಿತ್ತೆಂದು ಯಾರು ತಾನೇ ಹೇಳಬಲ್ಲರು? ಮನುಷ್ಯರ ಮಕ್ಕಳು ಕಾಲರಾದಿಂದ ಸಾಯುವುದು ತಪ್ಪಿದ್ದು ಸಣ್ಣ ಮಾತಲ್ಲ. ನನಗೆ ತೋರುವುದಿಷ್ಟೆ: ಹಕ್ಕಿಯ ನಿರ್ಗಮನಕ್ಕೆ ಯಾವಾಗಲೂ ನಮ್ಮ ಕ್ರೌರ್ಯವೇ ಕಾರಣವಾಗಬೇಕಿಲ್ಲ, ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಸಾಕು. ಅಲಿಪುರದ ಬಾತುವಿಗೆ ಬೇಕಾಗಿದ್ದುದು ಶುದ್ಧವಾದ ನೀರು, ಹರಗಿಲಕ್ಕೆ ಬೇಕಾಗಿದ್ದುದು ನಗರದ ಕೊಳಕು. ಇಬ್ಬರನ್ನೂ ಒಂದೇ ನಗರ ತನ್ನಲ್ಲಿಟ್ಟುಕೊಳ್ಳಲಾರದೆ ಕಳುಹಿಸಿತು. ಇಂದು ಹರಗಿಲದ ಮುಖ್ಯ ನೆಲೆ ಅಸ್ಸಾಮು. ಕಾಮರೂಪ ಜಿಲ್ಲೆಯ ದಾದರಾ ಮೊದಲಾದ ಹಳ್ಳಿಗಳಲ್ಲಿ ಪೂರ್ಣಿಮಾ ದೇವಿ ಬರ್ಮನ್ ಎಂಬ ಜೀವವಿಜ್ಞಾನಿ, ಅಪಶಕುನವೆಂದು ಗೂಡಿನ ಮರಗಳನ್ನು ಕಡಿಯುತ್ತಿದ್ದ ಊರಿನಲ್ಲಿ, ಹೆಂಗಸರನ್ನೇ ಕೂಡಿಸಿಕೊಂಡು ಹರಗಿಲ ಸೇನೆಯನ್ನು ಕಟ್ಟಿದರು; ಗೂಡಿನ ಹಕ್ಕಿಗಳಿಗೆ ಆ ಹೆಂಗಸರು ಈಗ ಸೀಮಂತವನ್ನು ಮಾಡುತ್ತಾರೆ, ಮಗ್ಗದ ಬಟ್ಟೆಯ ಮೇಲೆ ಅದರ ಚಿತ್ರವನ್ನು ನೇಯುತ್ತಾರೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪುರಸ್ಕಾರ ಅವರನ್ನು ಅರಸಿಕೊಂಡು ಬಂದಿತು.

ರೆಕ್ಕೆಯಿದ್ದವರ ಮಾತಾಯಿತು. ರೆಕ್ಕೆಯಿಲ್ಲದವರ ಮಾತು ಬೇರೆ. ನಗರದ ಪೂರ್ವಕ್ಕೆ ಹಬ್ಬಿದ್ದ ಉಪ್ಪುಕೆರೆಗಳನ್ನು ಹೂಗ್ಲಿಯ ಹೂಳಿನಿಂದ ತುಂಬಿಸಿ ಈಗಿನ ಬಿಧಾನನಗರವನ್ನು ಕಟ್ಟುವ ಕೆಲಸ 1962ರಲ್ಲಿ ಮೊದಲಾಯಿತು. ಆ ಜೌಗಿನಲ್ಲಿ ಬಾಳುತ್ತಿದ್ದ ಮುಂಗುಸಿಯೊಂದನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟು ಲೋಕಕ್ಕೆ ಪರಿಚಯಿಸಿದ್ದು 1965ರಲ್ಲಿ, ಎಂದರೆ ಅದರ ಮನೆಗೆ ಮಣ್ಣು ಬೀಳತೊಡಗಿದ ಮೇಲೆ. ಅದು ಎಲ್ಲಿಗೆ ಹೋಗಬೇಕು? ಉಳಿದ ಜೌಗಿನಲ್ಲಿ, ನಗರದ ಕೊಳಚೆಯಿಂದಲೇ ಮೀನು ಬೆಳೆಯುವ ಅಪೂರ್ವ ವಿದ್ಯೆಯನ್ನು ಅಲ್ಲಿನ ಬೆಸ್ತರಿಂದ ಅರಿತು ಜಗತ್ತಿಗೆ ತಿಳಿಸಿದ ಧ್ರುವಜ್ಯೋತಿ ಘೋಷರಂಥವರ ಜೀವಮಾನದ ಹೋರಾಟದಿಂದ 12,500 ಹೆಕ್ಟೇರು 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಯನ್ನು ಸೇರಿ ಉಳಿದುಕೊಂಡಿತು.

ಈಗ ಸಾಂತ್ರಾಗಾಛಿಗೆ ಹಿಂದಿರುಗೋಣ. ಹೊಸ ಮನೆ ಹೇಗಿದೆ?

ಕಾಗದದ ಮೇಲೆ ನೋಡಿದರೆ ಹಕ್ಕಿಗಳು ಇದಕ್ಕಿಂತ ಅವಿವೇಕದ ಆಯ್ಕೆಯನ್ನು ಮಾಡಲಾಗದೆನಿಸುತ್ತದೆ. ಒಂದು ಕಡೆ ಹಗಲಿರುಳೂ ರೈಲು. ಸಮೀಪದಲ್ಲೇ ಕೋನಾ ಹೆದ್ದಾರಿಯ ಲಾರಿಗಳು. ಉಳಿದ ಕಡೆ ಕಿಕ್ಕಿರಿದ ಬಡಾವಣೆಗಳು, ಅವುಗಳ ಚರಂಡಿಯ ನೀರು. ಕೆರೆಯ ಭೂಮಿ ಆಗ್ನೇಯ ರೈಲ್ವೆಗೆ ಸೇರಿದ್ದು, ಹಕ್ಕಿಗಳ ಯೋಗಕ್ಷೇಮ ರಾಜ್ಯದ ಅರಣ್ಯ ಇಲಾಖೆಗೆ, ಸುತ್ತಲಿನ ಕಸ ನಗರಪಾಲಿಕೆಗೆ. ಆದರೂ ಹಕ್ಕಿಗಳು ನಮ್ಮಂತೆ ಕಾಗದವನ್ನು ನೋಡುವುದಿಲ್ಲ. ರೈಲಿನ ಸದ್ದು ಎಷ್ಟೇ ದೊಡ್ಡದಾದರೂ ರೈಲು ತನ್ನ ಹಳಿಯನ್ನು ಬಿಟ್ಟು ನೀರಿಗೆ ಬರುವುದಿಲ್ಲವೆಂಬುದನ್ನು ಅವು ಬೇಗ ಕಲಿಯುತ್ತವೆ. ದಿನವೂ ಒಂದೇ ರೀತಿ ಬರುವ ಸದ್ದಿಗೆ ಪ್ರಾಣಿಗಳು ಒಗ್ಗಿಕೊಳ್ಳುತ್ತವೆ, ಅನಿರೀಕ್ಷಿತವಾಗಿ ಬರುವ ಒಂದು ಪಟಾಕಿಗೆ ಒಗ್ಗಿಕೊಳ್ಳುವುದಿಲ್ಲ. ನೀರಿನ ಉದ್ದ ಸಾಕಷ್ಟಿದೆ. ರೈಲ್ವೆಯ ಬಯಲಿನ ಮೇಲೆ ಆಕಾಶ ತೆರೆದಿದೆ. ಆಚೆಗೆ ಹೌರಾ ಜಿಲ್ಲೆಯ ಭತ್ತದ ಗದ್ದೆಗಳಿವೆ. ಇವೆಲ್ಲಕ್ಕೂ ಮಿಗಿಲಾಗಿ, ಆ ಕೆರೆಯಲ್ಲಿ ಅಂತರಗಂಗೆಯಿದೆ.

ನೇರಳೆ ಹೂವಿನ ಈ ದಪ್ಪದಂಟಿನ ತೇಲುಗಳೆ ದಕ್ಷಿಣ ಅಮೆರಿಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಬಹುಶಃ ಹೂವಿನ ಚೆಲುವಿಗೆ ಮರುಳಾದವರ ಕೈಯಿಂದ, ಬಂಗಾಳವನ್ನು ಸೇರಿ, ನದಿಗಳಲ್ಲಿ ದೋಣಿಗಳನ್ನು ನಿಲ್ಲಿಸಿ, ಗದ್ದೆಗಳಲ್ಲಿ ಭತ್ತವನ್ನು ಮುಳುಗಿಸಿ, ಕೊನೆಗೆ 1936ರಲ್ಲಿ ಅದರ ನಿರ್ಮೂಲನಕ್ಕೆಂದೇ ಪ್ರತ್ಯೇಕ ಕಾನೂನನ್ನು ಮಾಡುವಂತಾಯಿತು. ಬಂಗಾಳಿಗಳು ಅದನ್ನು ಕಚುರಿಪಾನಾ ಎನ್ನುತ್ತಾರೆ. ಬೆಂಗಳೂರಿನ ಕೆರೆಗಳ ಬಳಿ ವಾಸಿಸುವವರಿಗೆ ಅದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಇಂಥ ಕಳೆಯೇ ಸಾಂತ್ರಾಗಾಛಿಯ ಹಕ್ಕಿಗಳಿಗೆ ನೆಲ. ದಟ್ಟವಾಗಿ ಹೆಣೆದುಕೊಂಡ ಅದರ ಚಾಪೆಯ ಮೇಲೆ ಬಾತುಗಳು ಸಾಲುಸಾಲಾಗಿ ನಿಂತು ಬಿಸಿಲು ಕಾಯುತ್ತವೆ, ಗರಿ ಒಣಗಿಸುತ್ತವೆ. ಅದರ ಬೇರುಗಳ ನಡುವೆ ಹುಳುಹುಪ್ಪಟೆಗಳು ಹೇರಳ. ಆದರೆ ಕಳೆಯು ಕೆರೆಯನ್ನೆಲ್ಲ ಮುಚ್ಚಿದರೆ ಇಳಿಯಲು ನೀರೇ ಕಾಣದೆ ಹಿಂಡು ಮುಂದಕ್ಕೆ ಹಾರಿಹೋಗುತ್ತದೆ. ಕಳೆಯನ್ನೆಲ್ಲ ಕಿತ್ತು ಕೆರೆಯನ್ನು ಕನ್ನಡಿಯಂತೆ ಮಾಡಿದರೆ ನಿಲ್ಲಲು ತಾವಿಲ್ಲದೆ ಆಗಲೂ ಹಾರಿಹೋಗುತ್ತದೆ.

ಆದುದರಿಂದ ಪ್ರತಿವರ್ಷ ಪೂಜೆಯ ಹಬ್ಬಗಳು ಮುಗಿದು ಚಳಿ ಮೂಡುವ ವೇಳೆಗೆ ಅಲ್ಲಿ ಒಂದು ವಿಚಿತ್ರವಾದ ಬೇಸಾಯ ನಡೆಯಬೇಕು. ಕೂಲಿಗಳೂ ಸ್ವಯಂಸೇವಕರೂ ನೀರಿಗಿಳಿದು, ಎದೆಮಟ್ಟದ ಕಳೆಯನ್ನು ಕಡಿದು ದಡಕ್ಕೆ ಎಳೆಯುತ್ತಾರೆ. ಎಳೆಯುವಾಗ ಎಲ್ಲವನ್ನೂ ಎಳೆಯದೆ, ಅಲ್ಲಲ್ಲಿ ಒಂದೊಂದು ತುಂಡನ್ನು ಬಿಟ್ಟು, ಗಾಳಿಗೆ ತೇಲಿ ದಡ ಸೇರದಂತೆ ಬಿದಿರಿನ ಗಳುಗಳಿಂದ ಸುತ್ತುವರಿದು ನಡುನೀರಿನಲ್ಲಿ ದ್ವೀಪಗಳನ್ನಾಗಿ ನಿಲ್ಲಿಸುತ್ತಾರೆ. ಎಷ್ಟು ಬಿಡಬೇಕು, ಎಲ್ಲಿ ಬಿಡಬೇಕು ಎಂಬುದು ಅನುಭವದಿಂದ ಬಂದ ವಿದ್ಯೆ. ಕೆಲಸ ತಡವಾದ ವರ್ಷ ಹಕ್ಕಿಗಳ ಸಂಖ್ಯೆ ಥಟ್ಟನೆ ಕುಸಿದಿದೆ. ಸಕಾಲದಲ್ಲಿ ನಡೆದ ವರ್ಷ ಮತ್ತೆ ಸಾವಿರಗಳಿಗೆ ಏರಿದೆ. ಪ್ರಕೃತಿ ಸಂಸದ್ ಎಂಬ ಕೊಲ್ಕತ್ತದ ಹವ್ಯಾಸಿಗಳ ಸಂಘವು ಜನವರಿಯಲ್ಲಿ ದಡದಲ್ಲಿ ಕುಳಿತು ಎಣಿಸುವುದರಿಂದಲೇ ಈ ಏರಿಳಿತ ನಮಗೆ ತಿಳಿಯುತ್ತದೆ; ಅಲುಗುವ ಹಿಂಡಿನಲ್ಲಿ ತಲೆಗಳನ್ನು ಎಣಿಸುವುದು ಎಂಥ ತಾಳ್ಮೆಯ ಕೆಲಸವೆಂಬುದನ್ನು ಮಾಡಿ ನೋಡಿದವರೇ ಬಲ್ಲರು. ಇನ್ನು ಚರಂಡಿಯ ನೀರಿನ ವಿಷಯದಲ್ಲಿ ಪರಿಸರವಾದಿ ಸುಭಾಷ್ ದತ್ತರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಬಾಗಿಲನ್ನು ಬಡಿದರು. ಕೊಳಚೆ ಕೆರೆಗೆ ಇಳಿಯದಂತೆ ಸುತ್ತಲೂ ಹೂಮಾಲೆಯಂತೆ ಕಾಲುವೆಯನ್ನು ತೋಡಿ, ಶುದ್ಧೀಕರಣ ಘಟಕವನ್ನು ಕಟ್ಟಬೇಕೆಂದು ಆದೇಶವಾಯಿತು. ಯಾವ ಭೂಮಿ, ಯಾರ ಹಣ, ಯಾರ ಹೊಣೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು.

ನಾವು ಸುರಕ್ಷಿತವಾದ ಸ್ಥಳವೆನ್ನುತ್ತೇವೆ. ಸುರಕ್ಷಿತವಾದ ಸ್ಥಳವೆಂಬುದು ಎಲ್ಲೋ ಸಿದ್ಧವಾಗಿ ಕಾದಿದೆ, ಕಷ್ಟಬಂದ ಪ್ರಾಣಿ ಹುಡುಕುತ್ತ ಹೋಗಿ ಅದನ್ನು ಸೇರಿದರೆ ಕಥೆ ಮುಗಿಯಿತು ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಬಿದಿರಿನ ಗಳುಗಳ ನಡುವಣ ಆ ತೇಲುವ ಚಾಪೆಗಳನ್ನು ಕಂಡ ಮೇಲೆ ನನಗೆ ಹಾಗೆನಿಸುವುದಿಲ್ಲ. ಅಲ್ಲಿ ಆಶ್ರಯವೆಂಬುದು ವರ್ಷಕ್ಕೊಮ್ಮೆ ಮೈಕೈ ಕೆಸರುಮಾಡಿಕೊಂಡು ಹೊಸದಾಗಿ ಕಟ್ಟುವ ವಸ್ತು. ಅಲಿಪುರದ ಕೊಳವೂ ಕಳೆದುಹೋದದ್ದು ಯಾರೋ ಅದನ್ನು ಮುಚ್ಚಿದ್ದರಿಂದಲ್ಲ. ಅದು ತಾನಾಗಿಯೇ ಉಳಿಯುವುದೆಂದು ಎಲ್ಲರೂ ಭಾವಿಸಿದ್ದರಿಂದ.

ಈ ಮಾತಿಗೆ ಪೂರಕವಾಗಿ ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ನೆನಪಾಗುತ್ತದೆ. ಶಿಂಷಾ ನದಿಯ ದಡದಲ್ಲಿದ್ದ ಹಳೆಯ ಊರಿಗೆ 1916ರ ಸುಮಾರಿಗೆ ಪ್ಲೇಗು ಬಡಿದಾಗ, ಜನ ಆ ಊರನ್ನು ತೊರೆದು ಈಗಿರುವ ಜಾಗಕ್ಕೆ ಬಂದು ನೆಲೆನಿಂತರೆಂದೂ, ಹಳೆಯ ಊರಿನ ಮರಗಳಲ್ಲಿ ಗೂಡುಕಟ್ಟುತ್ತಿದ್ದ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಜನರ ಬೆನ್ನುಹಿಡಿದು ಹೊಸ ಊರಿನ ಹುಣಿಸೆಮರಗಳಿಗೆ ಬಂದುವೆಂದೂ ಅಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಮನುಷ್ಯರೂ ಹಕ್ಕಿಗಳೂ ಒಟ್ಟಿಗೆ ಗುಳೆ ಹೋದ ಇಂಥ ಇನ್ನೊಂದು ಪ್ರಸಂಗವನ್ನು ನಾನರಿಯೆ. ಕಾಡನ್ನು ಬಿಟ್ಟು ಮನೆಯ ಹಿತ್ತಿಲನ್ನೇ ಹಕ್ಕಿ ಸುರಕ್ಷಿತವೆಂದು ಬಗೆಯಬೇಕಾದರೆ ಆ ಮನೆಯವರು ಎಂಥವರಿರಬೇಕು! ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ನೋಡಿಕೊಳ್ಳುವಂತೆ ಅವುಗಳನ್ನು ನೋಡಿಕೊಳ್ಳಬೇಕೆಂಬುದು ಅಲ್ಲಿಯ ಮಾತು. ಅಂಗಳವೆಲ್ಲ ಹಿಕ್ಕೆಯಾಗುತ್ತದೆ, ಹುಣಿಸೆಯ ಫಸಲು ಕೈತಪ್ಪುತ್ತದೆ, ಮೀನಿನ ವಾಸನೆ ಮನೆಯನ್ನು ತುಂಬುತ್ತದೆ, ಸಹಿಸುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಅದೂ ನಿಜ. ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಡಲು ಊರಿನವರೇ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಅಷ್ಟಾದರೂ ಹುಣಿಸೆಮರಗಳು ಮುಪ್ಪಾಗುತ್ತಿವೆ, ಕೆಲವು ಮಾರಾಟವಾಗಿವೆ, ಸುತ್ತಲಿನ ಕೆರೆಗಳಲ್ಲಿ ಮೀನು ಮೊದಲಿನಂತಿಲ್ಲ. ಅಲ್ಲಿಯೂ ಕೊರಳೆತ್ತಿ ನೋಡುವ ಹಕ್ಕಿಗಳಿರಬಹುದು.

ಒಂದು ಜನವರಿಯ ಸಂಜೆ ನಾನು ಸಾಂತ್ರಾಗಾಛಿಯ ದಡದಲ್ಲಿದ್ದೆ. ಕೆರೆಯ ಪಕ್ಕದ ರಸ್ತೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಮಾರುತ್ತಿದ್ದ ಮುದುಕನಿಗೆ ನನ್ನ ಹರಕು ಹಿಂದಿಯಲ್ಲಿ, ಹಕ್ಕಿಗಳು ಏಳುವುದು ಎಷ್ಟು ಹೊತ್ತಿಗೆಂದು ಕೇಳಿದೆ. ಬೀದಿಯ ದೀಪ ಹತ್ತಿದ ಮೇಲೆ, ಎಂದನು. ದೀಪ ಹತ್ತಿತು. ಅಂತರಗಂಗೆಯ ಮೇಲೆ ಕಂದುಮಣ್ಣಿನ ದಿಬ್ಬದಂತೆ ಕಾಣುತ್ತಿದ್ದುದು ಮೆಲ್ಲಗೆ ಅಲುಗಿತು. ಎಲ್ಲೋ ಒಂದು ಸಿಳ್ಳು, ಅದಕ್ಕೆ ಉತ್ತರವಾಗಿ ನಾಲ್ಕಾರು, ಆಮೇಲೆ ಎಣಿಸಲಾಗದಷ್ಟು. ನೋಡುತ್ತಿದ್ದಂತೆಯೇ ಮೊದಲ ತಂಡ ನೀರನ್ನು ಸೀಳಿಕೊಂಡು ಎದ್ದು, ರೈಲ್ವೆ ತಂತಿಗಳ ಮೇಲೆ ಒಂದು ಸುತ್ತು, ಮನೆಗಳ ಮೇಲೆ ಒಂದು ಸುತ್ತು ಹಾಕಿ, ಕೆಂಪು ಇನ್ನೂ ಆರದ ಪಡುವಣ ಆಕಾಶದತ್ತ, ಗದ್ದೆಗಳ ಕಡೆಗೆ ಹೋಯಿತು. ಎರಡನೆಯದು ಎದ್ದಿತು, ಮೂರನೆಯದು ಎದ್ದಿತು. ನದಿಯ ಆಚೆ ಕೊಲ್ಕತ್ತದ ದೀಪಗಳ ಬೆಳಕು ಮೋಡಕ್ಕೆ ತಗುಲಿ ಹಳದಿಯಾಗಿತ್ತು. ನಾನು ನೋಡುತ್ತಿದ್ದಷ್ಟು ಹೊತ್ತು ಯಾವ ತಂಡವೂ ಆ ಕಡೆಗೆ ತಿರುಗಲಿಲ್ಲ. ಮುದುಕ ಒಲೆಯನ್ನು ಆರಿಸಿ, ಉಳಿದ ಕುಡಿಕೆಗಳನ್ನು ಬುಟ್ಟಿಗೆ ತುಂಬಿಕೊಂಡು ಹೊರಟನು.